ತುಮಕೂರಿನಲ್ಲಿ ಒಂದು ವಾರ ನಾಟಕ ನೋಡಿದ ಅನುಭವ

ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾಗುವ ಹೊತ್ತಿಗೆ ತುಮಕೂರಿನ ಸುತ್ತಮುತ್ತ ಎರಡು ಬಗೆಯ ನಾಟಕಗಳು ಒಟ್ಟಿಗೆ ಸಿಗುತ್ತವೆ. ಪಟ್ಟಣದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹವ್ಯಾಸಿ ತಂಡಗಳೂ ತಿರುಗಾಟದ ತಂಡಗಳೂ ಆಡುತ್ತಿರುತ್ತವೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳು ಬೆಳಗಿನವರೆಗೆ ನಡೆಯುತ್ತವೆ. ಹವ್ಯಾಸಿ ತಂಡವೊಂದರಲ್ಲಿ ಸಣ್ಣಪುಟ್ಟ ಪಾತ್ರ ಮಾಡುವ ನಾನು ಇವೆರಡನ್ನೂ ಒಂದೇ ವಾರದಲ್ಲಿ ಬೆನ್ನುಬೆನ್ನಿಗೆ ನೋಡಲು ಹೊರಟೆ. ಯಾವುದರ ನಂತರ ಯಾವುದನ್ನು ನೋಡುತ್ತೇವೆ ಎಂಬುದರ ಮೇಲೆ ನಾಟಕ ಕಾಣಿಸುವ ರೀತಿಯೇ ಬದಲಾಗುತ್ತದೆ ಎಂಬುದು ಆಗ ಮನದಟ್ಟಾದ್ದರಿಂದ, ನಾನು ಹಾಕಿಕೊಂಡ ಕ್ರಮವನ್ನೇ ಮುಖ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶನಿವಾರ ರಾತ್ರಿ ಗುಬ್ಬಿ ಕಡೆಯ ಹಳ್ಳಿಯೊಂದರ ‘ಕುರುಕ್ಷೇತ್ರ’ದಿಂದ ವಾರವನ್ನು ಆರಂಭಿಸಿದೆ. ಮರುದಿನ ಕಚೇರಿಗೆ ರಜೆಯಿರುವುದು ಒಂದು ಕಾರಣ. ಇನ್ನೊಂದು, ಈ ನೆಲದ ರಂಗಭೂಮಿಯ ಬೇರು ಅಲ್ಲಿದೆ ಎಂಬುದು. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ಇದೇ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಹೆಸರಾಗಿತ್ತು. ಇಂದಿನ ಹಳ್ಳಿಯ ನಾಟಕದಲ್ಲಿ ಆನೆಯಿಲ್ಲ. ಬಾಡಿಗೆಯ ಸೀನರಿ, ಬಾಡಿಗೆಯ ಕಿರೀಟ, ಹಾರ್ಮೋನಿಯಂ ಮೇಷ್ಟ್ರು ಇದ್ದಾರೆ. ಕರಪತ್ರದಲ್ಲಿ ‘ರಾತ್ರಿ 8 ಗಂಟೆಗೆ ಸರಿಯಾಗಿ’ ಎಂದು ಅಚ್ಚಾಗಿದ್ದರೆ ಊಟ ಮುಗಿಸಿಕೊಂಡು ನಿಧಾನವಾಗಿ ಹೊರಡಬಹುದು ಎಂಬುದು ಬಲ್ಲವರಿಗೆಲ್ಲ ಗೊತ್ತು. ಹೊದೆಯಲು ಒಂದು ಕಂಬಳಿಯನ್ನು ಮಾತ್ರ ಮರೆಯಬಾರದು.

ಅಲ್ಲಿ ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಹಣ ಕಟ್ಟುತ್ತಾನೆ. ಕೃಷ್ಣ, ದುರ್ಯೋಧನರಂಥ ಪಾತ್ರಗಳಿಗೆ ಹೆಚ್ಚು ಕಟ್ಟಬೇಕು. ಬೇಡಿಕೆ ಹೆಚ್ಚಿದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನು ಹಂಚುತ್ತಾರೆ. ಪಟ್ಟಣದವರು ಇದನ್ನು ನಗೆಯಾಡುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಎರಡನೇ ಕೃಷ್ಣ ರಂಗಕ್ಕೆ ಬಂದ ಕೂಡಲೇ ಜನ ಆತನನ್ನು ಕೃಷ್ಣನೆಂದೇ ಒಪ್ಪಿ, ಹಾಡಿನ ಎತ್ತುಗಡೆ ಹಿಂದಿನವನಿಗಿಂತ ಹೇಗಿದೆ ಎಂದು ತೂಗತೊಡಗುತ್ತಾರೆ. ಅಭಿನಯವನ್ನು ಅಷ್ಟು ನಿಚ್ಚಳವಾಗಿ ಬೇರ್ಪಡಿಸಿ ನೋಡುವ ಪ್ರೇಕ್ಷಕರು ಪಟ್ಟಣದ ಸಭಾಂಗಣದಲ್ಲಿಯೂ ಅಪರೂಪ.

ನಾನು ಉದ್ದೇಶಪೂರ್ವಕವಾಗಿ ವೇದಿಕೆಯ ಪಕ್ಕಕ್ಕೆ ಕುಳಿತಿದ್ದೆ. ಮೇಲಿನಿಂದ ತೂಗುಬಿಟ್ಟ ಮೈಕಿನ ಕೆಳಗೆ ನಿಂತರೆ ಮಾತ್ರ ಮಾತು ಕೇಳುವುದರಿಂದ, ಭೀಮನ ಎಷ್ಟೇ ದೊಡ್ಡ ಆವೇಶವೂ ಆ ಒಂದೆರಡು ಹೆಜ್ಜೆಯ ಜಾಗದೊಳಗೇ ತೀರಬೇಕಾಗಿತ್ತು. ಅದಕ್ಕಿಂತಲೂ ನನ್ನ ಗಮನ ಸೆಳೆದದ್ದು ಪರದೆ. ರಸ್ತೆ ಸೀನನ್ನು, ಅಂದರೆ ಬೀದಿಯ ಚಿತ್ರ ಬರೆದ ಪರದೆಯನ್ನು, ಇಳಿಬಿಟ್ಟು ಅದರ ಮುಂದೆ ಇಬ್ಬರು ದಾರಿಹೋಕರಂತೆ ಮಾತನಾಡುತ್ತಿದ್ದಾಗ, ಹಿಂದಿನಿಂದ ಸಿಂಹಾಸನವನ್ನು ಹಲಗೆಯ ಮೇಲೆ ದರದರ ಎಳೆಯುವ ಸದ್ದು ಕೇಳುತ್ತಿತ್ತು. ಮಾತು ಮುಗಿಯುತ್ತಲೇ ಪರದೆ ಮೇಲೇರಿ ದರ್ಬಾರು ಕಾಣಿಸಿತು. ಮುಂದಿನ ತೆಳುವಾದ ದೃಶ್ಯವು ಹಿಂದಿನ ದೊಡ್ಡ ದೃಶ್ಯದ ಸಿದ್ಧತೆಗೆ ಸಮಯ ಒದಗಿಸುವ ಈ ಏರ್ಪಾಡು, ಪಾರ್ಸಿಗಳು ಕಟ್ಟಿದ ವೃತ್ತಿ ತಂಡಗಳ ನಾಟಕಗಳ ಮಾದರಿಯಿಂದ ನಮ್ಮ ಕಂಪನಿಗಳಿಗೆ ಬಂದದ್ದು.

ಮುಂದಿನ ಎರಡು ಸಂಜೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳ ನಾಟಕವೊಂದು ಚೊಕ್ಕಟವಾಗಿತ್ತು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡಿದವರು ನಗುವಿಗೆ ಅವಸರಪಟ್ಟರು, ಆದರೂ ಅರಮನೆ, ಕಾಡು, ರಸ್ತೆಗಳನ್ನೆಲ್ಲ ಬಿಟ್ಟು ನಾಟಕವು ಮಧ್ಯಮವರ್ಗದ ಮನೆಯೊಳಗೆ ಬಂದು ಕುಳಿತಾಗ ಪರದೆಗೆ ಕೆಲಸವೇ ಇಲ್ಲದಾಗುವುದನ್ನು ‘ಕುರುಕ್ಷೇತ್ರ’ದ ಬೆನ್ನಿಗೇ ನೋಡಿದ್ದರಿಂದ ಗುರುತಿಸಲು ಸಾಧ್ಯವಾಯಿತು.

ಗಿರೀಶ ಕಾರ್ನಾಡರ ‘ತುಘಲಕ್’ ಇದಾದ ಮೇಲೆ ಬರುವಂತೆ ನೋಡಿಕೊಂಡಿದ್ದೆ. 1964ರಲ್ಲಿ ಪ್ರಕಟವಾದ ಈ ನಾಟಕವನ್ನು ನಾನು ಮೊದಲೂ ನೋಡಿದ್ದೆ, ಸುಲ್ತಾನನ ಪಾತ್ರಧಾರಿಯನ್ನೇ ಕಣ್ಣಿಟ್ಟು ನೋಡಿದ್ದೆ. ಈ ಬಾರಿ ಬೀದಿಯ ಮೋಸಗಾರರಾದ ಅಜೀಜ ಮತ್ತು ಆಜಮರ ದೃಶ್ಯಗಳ ಮೇಲೆ ಕಣ್ಣು ನೆಟ್ಟಿತು. ಕಂಪನಿ ನಾಟಕದ ಮುಂಪರದೆ ಮತ್ತು ಹಿಂಬದಿಯ ದೃಶ್ಯಗಳ ಈ ಸರದಿಯನ್ನು ಬಳಸಿಕೊಂಡದ್ದಾಗಿ ಕಾರ್ನಾಡರೇ ಹೇಳಿದ್ದಾರೆ. ನಾನು ನೋಡಿದ ಪ್ರಯೋಗದಲ್ಲಿ ಪರದೆ ಇರಲಿಲ್ಲ. ರಂಗದ ಮುಂಭಾಗದ ಒಂದು ಪಟ್ಟಿಗೆ ಮಾತ್ರ ಬೆಳಕು ಬಿಟ್ಟು, ಹಿಂದಿನ ಕತ್ತಲಲ್ಲಿ ಅರಮನೆಯನ್ನು ಜೋಡಿಸುತ್ತಿದ್ದರು. ವೇಷ ಹಾಕಿದ ಅಗಸ ಅಜೀಜ ಆ ಪಟ್ಟಿಯಲ್ಲಿ ನಗಿಸುತ್ತ ಓಡಾಡಿಕೊಂಡಿದ್ದು, ಕೊನೆಗೆ ಸುಲ್ತಾನನ ಎದುರಿಗೇ ಅರಮನೆಯೊಳಗೆ ನಿಲ್ಲುತ್ತಾನೆ. ಬೀದಿಯವನು ದರ್ಬಾರಿಗೆ ನುಗ್ಗಿದ್ದು ಕಥೆಯಲ್ಲಿ ಮಾತ್ರವಲ್ಲ, ರಂಗದ ಜಾಗದಲ್ಲಿಯೂ ನಡೆಯಿತು. ಹಳ್ಳಿಯ ರಸ್ತೆ ಸೀನು ಕಣ್ಣಲ್ಲಿ ಇನ್ನೂ ಹಸಿಯಾಗಿರದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ನೋಡುವಾಗ ಏನನ್ನೂ ಬರೆದುಕೊಳ್ಳುವುದಿಲ್ಲ. ಮನೆಗೆ ಬಂದ ಮೇಲೆ ನಟರು ಯಾವ ದೃಶ್ಯದಲ್ಲಿ ಎಲ್ಲಿ ನಿಂತಿದ್ದರು ಎಂದು ಅರ್ಧ ಪುಟದ ನಕ್ಷೆ ಗೀಚುತ್ತೇನೆ, ಅಷ್ಟೆ. ‘ತುಘಲಕ್’ನ ಮರುದಿನ ತಿರುಗಾಟದ ತಂಡವೊಂದರ ನಾಟಕಕ್ಕೂ ಹೋದೆ. ಅವರ ಗುಂಪು ಹಾಡುಗಾರಿಕೆ ಅಚ್ಚುಕಟ್ಟಾಗಿತ್ತು, ಆದರೆ ತಲೆಯಲ್ಲಿ ಹಿಂದಿನ ರಾತ್ರಿಯ ನಾಟಕವೇ ಓಡುತ್ತಿತ್ತು. ಮುಂದಿನ ವರ್ಷ ‘ತುಘಲಕ್’ನಂಥ ನಾಟಕವನ್ನು ವಾರದ ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ, ತಿರುಗಾಟದವರನ್ನು ಹಳ್ಳಿಯ ನಾಟಕಕ್ಕಿಂತ ಮೊದಲೇ, ಶುಕ್ರವಾರ, ನೋಡಿ ಮುಗಿಸುತ್ತೇನೆ.