ಗ್ರ್ಯಾಬ್ ಖಾಲಿ ಬಂತು ಅಂದರೆ ಕೆಳಗೆ ಏನೂ ಇಲ್ಲ ಅಂತಲ್ಲ

"ಎಣ್ಣೆ ನೀರ ಮೇಲೆ ತೇಲೋದು ಅಲ್ವಾ, ನೀವು ಸಮುದ್ರದ ತಳ ಯಾಕೆ ಕೆದಕ್ತಾ ಇದ್ದೀರಿ?" ಹಡಗಿನಿಂದ ಎಣ್ಣೆ ಚೆಲ್ಲಿದರೆ ಯಾವ ಜಾಗ ಕಾಯಬೇಕು ಅಂತ ತಿಳಿಯಲು ಕಡಲ ತಳದ ನಕ್ಷೆ ಮಾಡುವುದು ನನ್ನ ಕೆಲಸ. ಕಾರವಾರದ ಬೈತಖೋಲದಲ್ಲಿ ದೋಣಿಗೆ ಸಾಮಾನು ಏರಿಸುವಾಗ ದಿನಕ್ಕೊಬ್ಬರಾದರೂ ಇದನ್ನೇ ಕೇಳುತ್ತಿದ್ದರು. ಮನೆಯಲ್ಲಿ ಅಮ್ಮನೂ ಕೇಳಿದರು. ಮೊದಮೊದಲು ಸುಮ್ನೆ ನಕ್ಕು ಬಿಡುತ್ತಿದ್ದೆ. ಆಮೇಲೆ ಒಂದು ಬಾಟಲಿಯಲ್ಲಿ ಕಾರವಾರ ಕಡಲಿನ ನೀರು, ಸ್ವಲ್ಪ ಫರ್ನೇಸ್ ಆಯಿಲ್, ಒಂದು ಚಿಟಿಕೆ ಮರಳು ಹಾಕಿ ಕುಲುಕಿ ತೋರಿಸಲು ಶುರು ಮಾಡಿದೆ. ಡೀಸೆಲ್ ಆದರೆ ಮೇಲೆ ನಿಲ್ಲುತ್ತದೆ, ಬಹುಪಾಲು ಗಾಳಿಗೆ ಹಾರಿಹೋಗುತ್ತದೆ. ದೊಡ್ಡ ಹಡಗಿನ ಎಂಜಿನ್ನಿಗೆ ಹಾಕುವ ಈ ದಪ್ಪ ಫರ್ನೇಸ್ ಆಯಿಲ್ ಹಾಗಲ್ಲ. ಅದರ ಒಂದು ಲೀಟರ್ ಸುಮಾರು 0.96ರಿಂದ 0.99 ಕಿಲೋ ತೂಗುತ್ತದೆ, ಕಡಲ ನೀರು 1.025 ಕಿಲೋ. ನಡುವಿನ ಅಂತರ ಅಷ್ಟೇ. ಅಲೆಯಲ್ಲಿ ಹೊರಳಾಡಿ ನೂರಕ್ಕೆ ಎರಡು ಮೂರು ಪಾಲು ಮರಳು ಸೇರಿಕೊಂಡರೆ ಸಾಕು, ಎಣ್ಣೆ ಮುಳುಗುತ್ತದೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಹಾಸಿಕೊಂಡ ಜಾಗದಲ್ಲಂತೂ ನೀರೇ ಹಗುರ, ಜೊತೆಗೆ ಕೆಸರು ಬೇರೆ. ಎಣ್ಣೆ ಕಾಣಿಸ್ತಾ ಇಲ್ಲ ಅಂದರೆ ಹೋಯಿತು ಅಂತ ಅಲ್ಲ, ಎಲ್ಲೋ ಕೆಳಗೆ ಕೂತಿರಲೂಬಹುದು.

ನನಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಅನ್ನುವ ಹಡಗು ದೇವಗಡ ದ್ವೀಪದ ಹತ್ತಿರ ಕಲ್ಲಿಗೆ ಬಡಿದು ಕೂತಾಗ ನಾನು ಮಾಜಾಳಿಯಲ್ಲಿ ಶಾಲೆಗೆ ಹೋಗುವ ಹುಡುಗ. ಅದರಲ್ಲಿ ಸುಮಾರು 650 ಟನ್ ಇಂಧನ ಎಣ್ಣೆ ಇತ್ತು. ಮಳೆ ಹಿಡಿಯುವ ಹೊತ್ತು, ಕಡಲು ಎದ್ದಿತ್ತು, ಎಣ್ಣೆ ದಕ್ಷಿಣ ಗೋವಾದ ದಂಡೆಗಳವರೆಗೂ ಹೋಯಿತು. ನನಗೆ ನೆನಪಿರುವುದು ಇಷ್ಟೇ: ಕಾಲಿಗೆ ಅಂಟಿದ ಕಪ್ಪು ಸೋಪಿನಿಂದ ಹೋಗಲಿಲ್ಲ, ಅಜ್ಜಿ ತೆಂಗಿನೆಣ್ಣೆ ಹಚ್ಚಿ ಗೋಣಿ ತುಂಡಿನಿಂದ ತಿಕ್ಕಿದರು. ಈಗಲೂ ಮೇ ಕೊನೆಗೆ ಗಾಳಿ ತಿರುಗಿದಾಗ ದಂಡೆ ಮೇಲೆ ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ, ಔಷಧಿ ಮಾತ್ರ ಇವತ್ತಿಗೂ ತೆಂಗಿನೆಣ್ಣೆಯೇ.

ಮುಂದೆ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿ, ಒಂದೆರಡು ಕಡೆ ಗುತ್ತಿಗೆ ಕೆಲಸ ಮಾಡಿ, ಕೊನೆಗೆ ಈ ನಕ್ಷೆ ಕೆಲಸಕ್ಕೆ ಬಂದೆ. ನಮ್ಮ ದೇಶದಲ್ಲಿ ಕಡಲಲ್ಲಿ ಎಣ್ಣೆ ಚೆಲ್ಲಿದರೆ ಮುಂದೆ ನಿಂತು ಕೆಲಸ ನಡೆಸಬೇಕಾದವರು ಕೋಸ್ಟ್ ಗಾರ್ಡ್. ಎಣ್ಣೆ ಯಾವ ಕಡೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಹೇಳುವ ವ್ಯವಸ್ಥೆ ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇಂಕೋಯಿಸ್‌ನಲ್ಲಿದೆ. ಆದರೆ ಎಣ್ಣೆ ಹೋಗುವ ದಾರಿಯಲ್ಲಿ ಏನಿದೆ ಅನ್ನುವುದನ್ನು ಊರಿನವರೇ ಹುಡುಕಿ ಬರೆಯಬೇಕು. ದಂಡೆಗೆ ಒಂದು ಪದ್ಧತಿ ಮೊದಲೇ ಇದೆ, ಒಂದರಿಂದ ಹತ್ತರವರೆಗೆ ಅಂಕ. ಅಲೆ ಬಡಿಯುವ ಬರಿ ಬಂಡೆಗೆ ಒಂದು, ಯಾಕೆಂದರೆ ಅಲೆಯೇ ತೊಳೆದು ಬಿಡುತ್ತದೆ. ಅಳಿವೆಯ ಕೆಸರಿನಲ್ಲಿ ಬೆಳೆಯುವ ನಮ್ಮ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹತ್ತು, ಯಾಕೆಂದರೆ ಉಸಿರಾಡುವ ಬೇರಿಗೆ ಎಣ್ಣೆ ಮೆತ್ತಿಕೊಂಡರೆ ಗಿಡವೇ ಸಾಯುತ್ತದೆ, ಆ ಕೆಸರಿನಲ್ಲಿ ಇಳಿದು ತೆಗೆಯೋಣ ಅಂದರೆ ತುಳಿದೇ ಇನ್ನಷ್ಟು ಹಾಳು ಮಾಡುತ್ತೇವೆ. ಇದೆಲ್ಲ ಕಣ್ಣಿಗೆ ಕಾಣುವ ಜಾಗ, ನಡೆದುಕೊಂಡು ಹೋಗಿ ಗುರುತು ಹಾಕಬಹುದು. ತಳದ ಕೆಲಸ ಹಾಗಲ್ಲ.

ನಮ್ಮ ಹತ್ತಿರ ಇದ್ದದ್ದು ಒಂದು ಬಾಡಿಗೆ ನಾಡದೋಣಿ, ಶಬ್ದ ಕಳಿಸಿ ಆಳ ಅಳೆಯುವ, ಮೀನು ಹುಡುಕಲು ಬಳಸುವಂಥದ್ದೇ ಒಂದು ಎಕೋ ಸೌಂಡರ್, ಜಿಪಿಎಸ್, ಪಿವಿಸಿ ಪೈಪಿನ ಚೌಕಟ್ಟಿಗೆ ಕಟ್ಟಿದ ನೀರೊಳಗಿನ ಕ್ಯಾಮೆರಾ, ಮತ್ತೆ ಒಂದು ಗ್ರ್ಯಾಬ್. ಗ್ರ್ಯಾಬ್ ಅಂದರೆ ಎರಡು ದವಡೆಯ ಕಬ್ಬಿಣದ ಬಾಯಿ. ಹಗ್ಗ ಕಟ್ಟಿ ಇಳಿಸಿದರೆ ತಳಕ್ಕೆ ತಾಗಿದ ಕೂಡಲೇ ಕೊಂಡಿ ಕಳಚುತ್ತದೆ, ಎಳೆಯುವಾಗ ಬಾಯಿ ಮುಚ್ಚಿ ಮಣ್ಣು ಕಚ್ಚಿಕೊಂಡು ಬರುತ್ತದೆ. ಆ ಮಣ್ಣನ್ನು ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದರೆ ಹುಳ, ಚಿಪ್ಪು, ಸಣ್ಣ ಏಡಿ ಎಲ್ಲ ಸಿಗುತ್ತವೆ. ಶಬ್ದದಿಂದಲೇ ತಳದ ಚಿತ್ರ ತೆಗೆಯುವ ಸೈಡ್ ಸ್ಕ್ಯಾನ್ ಸೋನಾರ್ ಬಾಡಿಗೆಗೆ ಬಂದದ್ದು ನಾಲ್ಕೇ ದಿನ, ಅದರಲ್ಲಿ ಒಂದು ದಿನ ಬ್ಯಾಟರಿ ಕೈಕೊಟ್ಟಿತು. ಹಾಗಾಗಿ ಹೆಚ್ಚಿನದೆಲ್ಲ ಕೈಕೆಲಸ.

ಕಾಲ ನೋಡಿಕೊಳ್ಳಬೇಕು. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹೋಗುತ್ತೇನೆ ಅಂದರೂ ಕಡಲು ಬಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ನೀರು ಚಹಾದ ಹಾಗಿರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ, ಗಾಳಿ ಏಳುವ ಮೊದಲು, ದ್ವೀಪಗಳ ಹತ್ತಿರ ಕ್ಯಾಮೆರಾಕ್ಕೆ ಏನಾದರೂ ಕಾಣುತ್ತದೆ. ಕಾಳಿ ಬಾಯಲ್ಲಿ ಆಗಲೂ ನೀರು ಎಷ್ಟು ತಿಳಿ ಅಂತ ನೋಡಲು ಬಿಳಿ ತಟ್ಟೆ ಇಳಿಸಿದರೆ ಒಂದೂವರೆ ಮೀಟರಿಗೇ ಮಾಯ.

ಈಗ ನಿಜವಾದ ಕತೆಗೆ ಬರುತ್ತೇನೆ. ಕುರುಮಗಡ ದ್ವೀಪದ ಪಡುವಣ ಮಗ್ಗಲಲ್ಲಿ ಹನ್ನೊಂದನೇ ಸ್ಟೇಷನ್, ಅಂದರೆ ಮಾದರಿ ತೆಗೆಯುವ ಜಾಗ. ಗ್ರ್ಯಾಬ್ ಇಳಿಸಿದೆ, ಎಳೆದೆ, ಖಾಲಿ. ಮತ್ತೆ ಇಳಿಸಿದೆ, ಬಾಯಿ ಅರ್ಧ ತೆರೆದೇ ಬಂತು, ದವಡೆ ಮಧ್ಯೆ ಬೆರಳುಗಾತ್ರದ ಕಲ್ಲು ಸಿಕ್ಕಿಕೊಂಡಿತ್ತು, ಮಣ್ಣೆಲ್ಲ ಸೋರಿ ಹೋಗಿತ್ತು. ಮೂರನೇ ಸಲವೂ ಅದೇ. ಅಷ್ಟರಲ್ಲಿ ಅಂಗೈ ಕಿತ್ತು ಬರುತ್ತಿತ್ತು, ಬಿಸಿಲು ಏರಿತ್ತು, ಕ್ಯಾಮೆರಾಕ್ಕೆ ಬರೀ ಹಸಿರು ಮಬ್ಬು. ನಾನು ಹಾಳೆಯಲ್ಲಿ "ಮಾದರಿ ಸಿಗಲಿಲ್ಲ" ಅಂತ ಬರೆದು ಮುಂದಿನ ಸ್ಟೇಷನ್ನಿಗೆ ಹೋಗೋಣ ಅಂದೆ. ದೋಣಿ ನಡೆಸುವ ತಾಂಡೇಲ ತಕ್ಷಣ ಏನೂ ಮಾತಾಡಲಿಲ್ಲ. ಬೀಡಿ ಆರಿಸಿ ನನ್ನ ಕಡೆ ನೋಡಿ, "ಎಂತ ಮಾರಾಯ, ಮೂರು ಸಲ ಕಲ್ಲು ಕಚ್ಚಿದೆ, ಆದರೂ ಎಂತದೂ ಸಿಗಲಿಲ್ಲ ಅಂತ ಬರೀತೀಯಲ್ಲ" ಅಂದರು. ನಾನು ಆವತ್ತು ಅದನ್ನು ತಮಾಷೆ ಅಂದುಕೊಂಡೆ.

ಆ ಹಾಳೆ ಲ್ಯಾಪ್‌ಟಾಪಿಗೆ ಹೋಯಿತು. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೆಸರಿಗೆ ಕಂದು, ಮರಳಿಗೆ ಹಳದಿ, ಕಲ್ಲಿಗೆ ಕೆಂಪು ಬಣ್ಣ ಕೊಟ್ಟೆ. ಮಾದರಿ ಸಿಗದ ಕಡೆ ಬಣ್ಣವೇ ಇಲ್ಲ, ಬಿಳಿ. ಚೆಂದ ಕಾಣುತ್ತಿತ್ತು, ನಿಜ ಹೇಳಬೇಕೆಂದರೆ ನನಗೇ ಹೆಮ್ಮೆಯಾಗಿತ್ತು.

ನಡುವೆ ಇನ್ನೊಂದು ಪೆದ್ದುತನವೂ ಆಯಿತು. ಜಿಪಿಎಸ್‌ನಲ್ಲಿ 14 ಡಿಗ್ರಿ 49.2 ನಿಮಿಷ ಅಂತ ಇದ್ದದ್ದನ್ನು ನಾನು 14.492 ಅಂತ ಟೈಪ್ ಮಾಡಿದೆ. 49.2 ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 14.82 ಆಗುತ್ತದೆ. ದೇವಗಡದ ಹತ್ತಿರದ ಇಡೀ ಒಂದು ದಿನದ ಕೆಲಸ ಮೂವತ್ತಾರು ಕಿಲೋಮೀಟರ್ ತೆಂಕಕ್ಕೆ, ಗೋಕರ್ಣದ ಎದುರಿನ ನಡುಗಡಲಿನಲ್ಲಿ ಹೋಗಿ ಕೂತಿತ್ತು. ಇದು ಬೇಗ ಸಿಕ್ಕಿಬಿತ್ತು, ಯಾಕೆಂದರೆ ಕಣ್ಣಿಗೆ ಹೊಡೆಯುತ್ತಿತ್ತು. ಬಿಳಿ ಬಿಟ್ಟ ತಪ್ಪು ಹಾಗೆ ಹೊಡೆಯುವುದಿಲ್ಲ.

ಅದು ಗೊತ್ತಾದದ್ದು ಮೇಜಿನ ಮೇಲಿನ ಒಂದು ಅಣಕು ಕಾರ್ಯಾಚರಣೆಯಲ್ಲಿ. ದೇವಗಡದ ಹತ್ತಿರ ಹಡಗು ಒಡೆದಿದೆ, ಪಡುವಣ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್), ಏನು ಮಾಡುತ್ತೀರಿ ಅಂತ. ಎಣ್ಣೆ ಗಾಳಿಯ ವೇಗದ ಸುಮಾರು ನೂರಕ್ಕೆ ಮೂರರಷ್ಟು ವೇಗದಲ್ಲಿ ಹೋಗುತ್ತದೆ, ಅದಕ್ಕೆ ಕಡಲ ನೀರಿನ ಹರಿವಿನ ವೇಗವೂ ಪೂರ್ತಿ ಸೇರುತ್ತದೆ. 20ರ ಮೂರು ಪರ್ಸೆಂಟ್ ಅಂದರೆ 0.6 ನಾಟ್. ಗಾಳಿಯೊಂದರಿಂದಲೇ ಆರು ಗಂಟೆಯಲ್ಲಿ ಆರೂವರೆ ಕಿಲೋಮೀಟರ್. ದೇವಗಡದಿಂದ ಕಾಳಿ ಬಾಯಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅಂದರೆ ಬೆಳಗಿನ ಚಹಾಕ್ಕೆ ಸುದ್ದಿ ಬಂದರೆ ಮಧ್ಯಾಹ್ನದ ಊಟದೊಳಗೆ ಕಾಂಡ್ಲಾ ಕಾಡಿನ ಬಾಗಿಲಿಗೆ ಎಣ್ಣೆ. ಎಲ್ಲರೂ ಗಡಿಬಿಡಿಯಲ್ಲಿದ್ದರು. ಎಣ್ಣೆಯನ್ನು ಚೂರು ಮಾಡಿ ನೀರಿನೊಳಗೆ ಹರಡಿಸುವ ರಾಸಾಯನಿಕ ಡಿಸ್ಪರ್ಸೆಂಟ್ ಎಲ್ಲಿ ಸಿಂಪಡಿಸಬಹುದು ಅಂತ ಒಬ್ಬರು ನನ್ನ ನಕ್ಷೆ ನೋಡಿದರು. ಕೆಂಪು ಬೇಡ, ಕಂದು ಬೇಡ, "ಇಲ್ಲಿ ಖಾಲಿ ಇದೆಯಲ್ಲ, ಇಲ್ಲೇ ಹೊಡೆಯೋಣ" ಅಂತ ಬೆರಳಿಟ್ಟರು. ಬೆರಳು ಹೋಗಿ ಕೂತದ್ದು ಹನ್ನೊಂದನೇ ಸ್ಟೇಷನ್ ಮೇಲೆ.

ಅವರದೇನೂ ತಪ್ಪಿಲ್ಲ. ನಾನು ಬಿಳಿ ಬಿಟ್ಟಿದ್ದೆ, ಅವರು ಬಿಳಿಯನ್ನು ಓದಿದರು. ಡಿಸ್ಪರ್ಸೆಂಟ್ ಎಣ್ಣೆಯನ್ನು ಮಾಯ ಮಾಡುವುದಿಲ್ಲ, ಮೇಲಿಂದ ಕೆಳಕ್ಕೆ ಕಳಿಸುತ್ತದೆ. ಅದಕ್ಕೇ ಆಳ ಕಡಿಮೆ ಇರುವ ಕಡೆ ಅದು ಬೇಡ ಅನ್ನುವುದು, ಕೆಲವು ದೇಶಗಳು 20 ಮೀಟರಿಗಿಂತ ಕಡಿಮೆ ಆಳದಲ್ಲಿ ವಿಶೇಷ ಅನುಮತಿ ಇಲ್ಲದೆ ಬಿಡುವುದೇ ಇಲ್ಲ. ಆ ಜಾಗದಲ್ಲಿ ಇದ್ದದ್ದು ಎಂಟೇ ಮೀಟರ್ ನೀರು.

ಮರುವಾರ ತಾಂಡೇಲರ ಮನೆಗೆ ಹೋದೆ. ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದರು. "ಅಣ್ಣ, ಆ ಹನ್ನೊಂದನೇ ಜಾಗದಲ್ಲಿ ಏನಿದೆ?" ಅಂತ ಕೇಳಿದೆ. "ಖಡಪ" ಅಂದರು. ಕೊಂಕಣಿಯಲ್ಲಿ ಕಲ್ಲು. "ಮೇಲೆಲ್ಲ ನೀಲಿಕಲ್ಲು ತಮ್ಮಾ. ನಮ್ಮ ಹುಡುಗರು ಮುಳುಗು ಹಾಕಿ ಕೀಳ್ತಾರೆ. ನೀ ಕೇಳಲೇ ಇಲ್ಲ." ನೀಲಿಕಲ್ಲು ಅಂದರೆ ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ ಹಸಿರು ಅಂಚಿನ ಚಿಪ್ಪು, ಕಾರವಾರದಲ್ಲಿ ಅದರ ಸುಕ್ಕಕ್ಕೆ (ಒಣ ಮಸಾಲೆ ಅಡುಗೆಗೆ) ಸಾಯುವವರಿದ್ದಾರೆ, ನಾನೂ ಅದರಲ್ಲಿ ಒಬ್ಬ. ನೀರು ಸೋಸಿಯೇ ಅದು ಬದುಕುವುದು. ನೀರಲ್ಲಿ ಎಣ್ಣೆ ಚೂರಾಗಿ ಹರಡಿದರೆ ಮೊದಲು ಅದರ ಹೊಟ್ಟೆಗೆ, ಆಮೇಲೆ ನಮ್ಮ ಹೊಟ್ಟೆಗೆ.

ಅವರೇ ಒಂದು ಉಪಾಯವನ್ನೂ ತೋರಿಸಿದರು. ಸೀಸದ ಗುಂಡಿನ ಅಡಿಗೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಮೆತ್ತಿ ಹಗ್ಗದಲ್ಲಿ ಇಳಿಸುವುದು. ಕೆಸರಾದರೆ ಸೋಪಿನ ಮೇಲೆ ಕಪ್ಪು ಲೇಪ ಬರುತ್ತದೆ. ಮರಳಾದರೆ ಕಾಳು ಕಾಳಾಗಿ ಅಂಟುತ್ತದೆ. ಕಲ್ಲಾದರೆ ಏನೂ ಅಂಟುವುದಿಲ್ಲ, ಆದರೆ ಸೋಪಿನಲ್ಲಿ ಗುಳಿ ಬೀಳುತ್ತದೆ. ಚಿಪ್ಪಿನ ಹಾಸಿದ್ದರೆ ಗೀರು ಗೀರು. ಜೊತೆಗೆ ಹಗ್ಗ ಹಿಡಿದ ಕೈಗೆ ಬರುವ ಪೆಟ್ಟು ಬೇರೆ: ಕೆಸರಿನಲ್ಲಿ ಗುಂಡು ಸುಮ್ಮನೆ ಕೂತುಬಿಡುತ್ತದೆ, ಕಲ್ಲಿನ ಮೇಲೆ ಕುಣಿಯುತ್ತದೆ. ನಾವು ಗ್ರ್ಯಾಬ್ ಎಳೆದು ಒಂದು ಸ್ಟೇಷನ್ ಮುಗಿಸುವಷ್ಟರಲ್ಲಿ ಅವರು ಸೋಪಿನಲ್ಲಿ ಏಳೆಂಟು ಜಾಗ ನೋಡಿ ಮುಗಿಸುತ್ತಿದ್ದರು. ಹಳೇ ಕಾಲದ ಹಡಗಿನವರು ಇದನ್ನೇ ಕೊಬ್ಬು ಮೆತ್ತಿ ಮಾಡುತ್ತಿದ್ದರು ಅಂತ ನಾನು ಓದಿದ್ದೆ, ಓದಿ ಮರೆತಿದ್ದೆ.

ಆಮೇಲೆ ಎಲ್ಲ ಬಿಳಿ ಜಾಗಗಳನ್ನೂ ಮತ್ತೆ ನೋಡಿದೆ. ಅವು ಒಂದೇ ಜಾತಿಯವಲ್ಲ. ಕೆಲವು ಗ್ರ್ಯಾಬ್ ಮೂರು ಸಲ ಖಾಲಿ ಬಂದ ಜಾಗ, ಅಲ್ಲಿ ಹೆಚ್ಚಾಗಿ ಕಲ್ಲು. ಕೆಲವು ಬಲೆ ಸಿಕ್ಕಿಕೊಳ್ಳುತ್ತದೆ ಅಂತ ಮೀನುಗಾರರು ಹೇಳಿದ, ನಾವು ಇಳಿಸದೇ ಇದ್ದ ಜಾಗ. ಕೆಲವು ನೌಕಾನೆಲೆಯ ಕಡೆಯ ನೀರು, ನಮಗೆ ಹೋಗಲು ಬಿಡುವುದಿಲ್ಲ, ಬಿಡಲೂಬಾರದು. ಇನ್ನು ಕೆಲವು ಡೀಸೆಲ್ ಮುಗಿಯಿತು ಅಂತ ಬಿಟ್ಟದ್ದು. ಈಗ ನಾಲ್ಕಕ್ಕೂ ಬೇರೆ ಬೇರೆ ಗೆರೆ ಹಾಕಿದ್ದೇನೆ, ಬಿಳಿ ಅನ್ನುವುದೇ ಇಲ್ಲ. "ಮಾದರಿ ಸಿಗಲಿಲ್ಲ" ಅನ್ನುವ ಕಾಲಂ ಪಕ್ಕದಲ್ಲಿ "ಯಾಕೆ" ಅನ್ನುವ ಕಾಲಂ ಸೇರಿಸಿದ್ದೇನೆ. ನೋಡಲು ನಕ್ಷೆ ಮೊದಲಿನಷ್ಟು ಚೆಂದ ಇಲ್ಲ, ಹಳೇ ಚಾಪೆ ಥರ ಇದೆ.

ಮೀನುಗಾರರಿಂದ ಜಾಗ ಕೇಳುವುದು ಮಾತ್ರ ಅಷ್ಟು ಸುಲಭವಲ್ಲ. ನಾಳೆ ಇದೇ ನಕ್ಷೆ ಹಿಡಿದು ಇಲ್ಲಿ ಬಲೆ ಹಾಕಬೇಡಿ ಅಂತ ಯಾರಾದರೂ ಬಂದರೆ? ಭಯ ಸುಳ್ಳಲ್ಲ. ಪಕ್ಕದ ದೋಣಿಯವನಿಗೆ ತನ್ನ ಜಾಗ ಗೊತ್ತಾಗುತ್ತದೆ ಅನ್ನುವುದು ಇನ್ನೂ ದೊಡ್ಡ ಭಯ. ನಾವು ಕೊನೆಗೆ ಚುಕ್ಕಿ ಹಾಕುವುದನ್ನು ಬಿಟ್ಟು ಅರ್ಧ ಕಿಲೋಮೀಟರ್ ಚೌಕಗಳಲ್ಲಿ ಬಣ್ಣ ತುಂಬಿದೆವು. ಎಣ್ಣೆ ತಡೆಯುವವರಿಗೆ ಅಷ್ಟು ಸಾಕು, ಮೀನು ಹಿಡಿಯುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಕಾಗದದ ಮೇಲೆ ಆ ಚೌಕಗಳನ್ನು ನೋಡಿದ ಮೇಲೆಯೇ ಮೀನುಗಾರರು ಬಾಯಿ ಬಿಟ್ಟದ್ದು.

ತಳ ಗೊತ್ತಿಲ್ಲದೆ ಬೂಮ್ ಕೂಡ ಕಟ್ಟಲಾಗದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೂಮ್ ಅಂದರೆ ಎಣ್ಣೆ ತಡೆಯುವ ತೇಲುವ ಬೇಲಿ. ಕಾಳಿ ಬಾಯಿಗೆ ಅಡ್ಡ ಕಟ್ಟಿದರೆ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೂಮಿಗೆ ನೇರ ಬಡಿಯುವ ನೀರು 0.7 ನಾಟ್ ದಾಟಿದರೆ ಎಣ್ಣೆ ಅಡಿಯಿಂದ ನುಸುಳಿ ಹೋಗುತ್ತದೆ. ಅಳಿವೆಯಲ್ಲಿ ಭರತದ ನೀರು ಒಳನುಗ್ಗುವಾಗ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಓರೆಯಾಗಿ ಕಟ್ಟಿ ಎಣ್ಣೆಯನ್ನು ಒಂದು ದಂಡೆಗೆ ತಿರುಗಿಸಬೇಕು. ಯಾವ ದಂಡೆಗೆ? ಯಾವುದನ್ನಾದರೂ ಬಿಟ್ಟುಕೊಡಲೇಬೇಕು. ನಮ್ಮ ಲೆಕ್ಕದಲ್ಲಿ ಅದು ಮರಳಿನ ದಂಡೆ, ಲಾರಿ ಹೋಗುವಂಥದ್ದು, ಎಣ್ಣೆ ಮೆತ್ತಿದ ಮರಳನ್ನು ಬಳಿದು ತೆಗೆಯಬಹುದು. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಡಲಾಮೆ ಮೊಟ್ಟೆ ಇಡಲು ಬರುವುದೂ ಮರಳಿಗೇ. ಆದ್ದರಿಂದ ಒಂದೇ ನಕ್ಷೆ ಸಾಲದು, ತಿಂಗಳು ನೋಡಿ ತೆಗೆಯುವ ಹಾಗಿರಬೇಕು. ಇನ್ನು ಬೂಮಿನ ಲಂಗರು. ಕೆಸರಿನಲ್ಲಿ ಅದು ಕಚ್ಚಿಕೊಳ್ಳುತ್ತದೆ, ಬರಿ ಕಲ್ಲಿನ ಮೇಲೆ ಜಾರಿಕೊಂಡು ಹೋಗಿ ನೀಲಿಕಲ್ಲನ್ನೆಲ್ಲ ಕೆರೆದು ಹಾಕುತ್ತದೆ. ಲಂಗರು ಹಾಕುವ ಜಾಗಗಳನ್ನು ಸೋಪಿನ ಗುಂಡಿನಿಂದಲೇ ನೋಡಿ ಗುರುತು ಮಾಡಿದೆವು.

ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ ಅಂತ ಎಲ್ಲರಿಗೂ ಗೊತ್ತು, ಸ್ಕೂಬಾದವರ ಫೋಟೋಗಳೇ ಬೇಕಾದಷ್ಟಿವೆ, ಅದನ್ನು ನಕ್ಷೆಯಲ್ಲಿ ಯಾರೂ ಮರೆಯುವುದಿಲ್ಲ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗುನೆಲ ಅನ್ನುವ ಮನ್ನಣೆ ಸಿಕ್ಕಿತು, ಅಲ್ಲಿನ ಬಳಚು ಚಿಪ್ಪು ಎಷ್ಟು ಮನೆಗಳ ಅನ್ನ ಅನ್ನುವುದನ್ನೂ ಈಗ ಹೊರಗಿನವರಿಗೆ ಹೇಳಿಕೊಡಬೇಕಿಲ್ಲ. ನನ್ನ ಚಿಂತೆ ಹೆಸರಿಲ್ಲದ ಕಲ್ಲುಗಳದ್ದು. ಬೇಲೇಕೇರಿ ಕೊಲ್ಲಿಯ ಅರ್ಧ ಭಾಗ ಮತ್ತು ಗಂಗಾವಳಿ ಬಾಯಿಯ ತೆಂಕಣ ಬದಿ ನನ್ನ ನಕ್ಷೆಯಲ್ಲಿ ಇನ್ನೂ "ಡೀಸೆಲ್ ಮುಗಿಯಿತು" ಅನ್ನುವ ಗೆರೆಯಲ್ಲೇ ಇವೆ. ಡಿಸೆಂಬರ್ ಮೊದಲ ವಾರಕ್ಕೆ ತಾಂಡೇಲರ ಹತ್ತಿರ ದಿನ ಕೇಳಿಟ್ಟಿದ್ದೇನೆ. ಗ್ರ್ಯಾಬ್ ಭಾರ, ಒಂದೇ ಸಾಕು ಅಂದಿದ್ದಾರೆ. ಸೋಪು ಮಾತ್ರ ಅರ್ಧ ಡಜನ್ ತರಬೇಕಂತೆ.