ಜೇಬಿನ ಕ್ಯಾಮೆರಾ, ನಡುಗುವ ಕೈ

ನನ್ನ ಕೈ ಸ್ವಲ್ಪ ನಡುಗುತ್ತದೆ. ಹಾಗಾಗಿ ಶರ್ಟಿನ ಜೇಬಿಗೆ ಇಳಿಯುವಂಥ ಈ ತೆಳ್ಳನೆಯ ಕ್ಯಾಮೆರಾ ಬಂದಾಗ ಮೆಗಾಪಿಕ್ಸೆಲ್ ಲೆಕ್ಕಕ್ಕೆ ಹೋಗಲೇ ಇಲ್ಲ. ಡಬ್ಬಿ ಮೇಲೆ ಬರೆದಿದ್ದ ಇಮೇಜ್ ಸ್ಟೆಬಿಲೈಸೇಶನ್ (ಕೈ ಅಲುಗಿದರೂ ಫೋಟೋ ಮಸುಕಾಗದಂತೆ ತಡೆಯುವ ಏರ್ಪಾಡು) ನಿಜವೋ ಬಡಾಯಿಯೋ, ಅಷ್ಟೇ ಗೊತ್ತಾಗಬೇಕಿತ್ತು.

ಮೊದಲು ನೋಡಿದ್ದು ಅದು ಆಪ್ಟಿಕಲ್ ಹೌದೋ ಅಲ್ಲವೋ ಎಂದು. ಆಪ್ಟಿಕಲ್ ಆದರೆ ಒಳಗಿನ ಗೈರೊ ಸೆನ್ಸರ್ ಅಲುಗಾಟ ಗುರುತಿಸುತ್ತದೆ, ಲೆನ್ಸಿನ ಒಂದು ಗಾಜೋ ಚಿತ್ರ ಹಿಡಿಯುವ ಸೆನ್ಸರೋ ಎದುರು ದಿಕ್ಕಿಗೆ ಸರಿಯುತ್ತದೆ. ‘ಡಿಜಿಟಲ್’ ಎನ್ನುವ ಕೆಲವು ಕ್ಯಾಮೆರಾಗಳು ಬರೀ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ ಕೈತೊಳೆದುಕೊಳ್ಳುತ್ತವೆ. ಫೋಟೋ ತುಂಬ ಕಾಳು ಕಾಳು. ನನ್ನದು ಆಪ್ಟಿಕಲ್ಲೇ.

ಪರೀಕ್ಷೆಗೆ ಗೋಡೆಯ ಕ್ಯಾಲೆಂಡರ್ ಸಾಕಾಯಿತು. ರಾತ್ರಿ, ಒಂದೇ ಟ್ಯೂಬ್‌ಲೈಟ್, ಫ್ಲ್ಯಾಶ್ ಬಂದ್. ಶಟರ್ ವೇಗವನ್ನು, ಅಂದರೆ ಬೆಳಕು ಒಳಗೆ ಬರುವ ಹೊತ್ತನ್ನು, ನಾವೇ ಇಡಲು ಇದರಲ್ಲಿ ಅವಕಾಶವಿಲ್ಲ. ಅದಕ್ಕೆ ಐಎಸ್‌ಒ 400, 200, 100 ಅಂತ ಇಳಿಸುತ್ತಾ ಹೋದೆ. ಸೂಕ್ಷ್ಮತೆ ಇಳಿದಷ್ಟೂ ಬೆಳಕಿಗೆ ಹೆಚ್ಚು ಹೊತ್ತು ಬೇಕಾಗಿ ವೇಗ ತಾನೇ 1/30, 1/15, 1/8 ಸೆಕೆಂಡಿಗೆ ಇಳಿಯಿತು. ಒಂದೊಂದಕ್ಕೂ ಸ್ಟೆಬಿಲೈಸೇಶನ್ ಹಾಕಿ ಹತ್ತು ಫೋಟೋ, ಅದನ್ನು ಆರಿಸಿ ಹತ್ತು. ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ಸಣ್ಣಕ್ಷರ ಓದಲು ಬರುತ್ತದೆಯೇ ಎಂದು ನೋಡಿದೆ.

ಮೊದಲ ಸುತ್ತು ದಂಡ. ಹಾಕಿದರೂ ಮಸುಕು, ಆರಿಸಿದರೂ ಮಸುಕು. ಕ್ಯಾಮೆರಾವನ್ನು ಬೈದುಕೊಂಡ ಮೇಲೆ ಕಣ್ಣಿಗೆ ಬಿತ್ತು: ಫ್ಯಾನಿನ ಗಾಳಿಗೆ ಕ್ಯಾಲೆಂಡರೇ ಅಲುಗುತ್ತಿತ್ತು! ಸ್ಟೆಬಿಲೈಸೇಶನ್ ನಮ್ಮ ಕೈಯ ನಡುಕವನ್ನು ಹಿಡಿಯುತ್ತದೆಯೇ ಹೊರತು ಎದುರಿಗಿರುವುದರ ಓಡಾಟವನ್ನಲ್ಲ. ಓಡುವ ಮಗುವಿಗೂ ಇದೇ ಗತಿ.

ಫ್ಯಾನ್ ಆರಿಸಿ ಮತ್ತೆ ತೆಗೆದೆ. ಜೂಮ್ ಮಾಡದೆ, ಅಂದರೆ ಲೆನ್ಸಿನ 28 ಮಿಮೀಯ ಅಗಲ ನೋಟದಲ್ಲಿ, 1/8ರಲ್ಲಿ ಸ್ಟೆಬಿಲೈಸೇಶನ್ ಇಲ್ಲದೆ ಪ್ರತಿ ಅಕ್ಷರವೂ ಜೋಡಿ ಜೋಡಿ ಕಂಡಿತು. ಹಾಕಿದಾಗ ಹತ್ತರಲ್ಲಿ ಏಳು ಓದಲು ಬಂದವು. ನಡುಗುವ ಕೈಗೆ ಇಷ್ಟು ಸಿಕ್ಕರೆ ಕಮ್ಮಿಯೇನಲ್ಲ.

ಪೇಚಿಗೆ ಸಿಕ್ಕಿದ್ದು ಜೂಮಿನಲ್ಲಿ. ತೆಳ್ಳನೆಯ ಮೈಯೊಳಗೆ ದೊಡ್ಡ ಗಾಜು ಹಿಡಿಸುವುದಿಲ್ಲ. ಪೂರ್ತಿ ಜೂಮ್ ಮಾಡಿದರೆ ಲೆನ್ಸಿನ ಬೆಳಕಿನ ಕಿಂಡಿ ಎಫ್/2.8 ಇದ್ದದ್ದು ಎಫ್/5.6ಕ್ಕೆ ಕಿರಿದಾಗುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್‌ಒ 400ರಲ್ಲೂ ವೇಗ 1/30ರಿಂದ 1/8ಕ್ಕೆ ಬಂತು. ಪೂರ್ತಿ ಜೂಮಿನ 140 ಮಿಮೀಗೆ ಕೈಯಲ್ಲಿ ಹಿಡಿದು ತೆಗೆಯಲು ಹಳೆಯ ಲೆಕ್ಕದ ಪ್ರಕಾರ ಸುಮಾರು 1/140 ಸೆಕೆಂಡಿನ ವೇಗ ಬೇಕು. ಅಷ್ಟು ಕಂದಕವನ್ನು ಈ ಪುಟ್ಟ ಗಾಜು ತುಂಬಲಾರದು. ಹತ್ತರಲ್ಲಿ ಒಂದೇ ಒಂದು ಫೋಟೋ ಉಳಿಯಿತು.

ಇನ್ನೊಂದು ಮಾತು, ಶಟರ್ ಒತ್ತುವಾಗ ಈ ಹಗುರ ಮೈ ಮುಂದಕ್ಕೆ ವಾಲುತ್ತದೆ. ಎರಡು ಸೆಕೆಂಡಿನ ಟೈಮರ್ ಇಟ್ಟು, ಮೊಣಕೈ ಪಕ್ಕೆಗೆ ಒತ್ತಿಕೊಂಡರೆ ಆ ಕಾಟವಿಲ್ಲ. ಸಂಜೆಯಾದ ಮೇಲೆ ನಾನೀಗ ಜೂಮ್ ಮುಟ್ಟುವುದಿಲ್ಲ, ನಾಲ್ಕು ಹೆಜ್ಜೆ ಹತ್ತಿರ ಹೋಗಿ ತೆಗೆಯುತ್ತೇನೆ.