ಎತ್ತಿಗೆ ರಜೆ, ನಮಗೆ ಓದು

ಮುಧೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಆಯ್ತು. ನಮ್ಮ ರಾಜ್ಯದಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ನಮ್ಮೂರಲ್ಲೂ ಗೆದ್ದರು. ಆದರೆ ಮೀಟಿಂಗಿಗೆ ಹೋಗುತ್ತಿದ್ದವರು ಅವರ ಗಂಡಂದಿರು. ಠರಾವಿನ ಪುಸ್ತಕವೇ ಮನೆಗೆ ಬರುತ್ತಿತ್ತು. ರೊಟ್ಟಿ ಬಡಿಯೋದು ಬಿಟ್ಟು, ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು.

ತರಬೇತಿ ಸಿಕ್ಕಿರಲಿಲ್ಲ ಅಂತಲ್ಲ. ಮನೆ-ಜಾಗದ ದಾಖಲೆಯ ನಮೂನೆ 9 ಅಂದರೇನು, 11 ಅಂದರೇನು, ಎಲ್ಲ ಹೇಳಿ ಕಳಿಸಿದ್ದರು. ಅದೂ ಬೇಕು. ಆದರೆ ಅಷ್ಟನ್ನೇ ಕಲಿತರೆ ಒಳ್ಳೆ ಗುಮಾಸ್ತರಾಗಬಹುದು, ಅಲ್ವಾ? ತುಂಬಿದ ಸಭೆಯಲ್ಲಿ ಎದ್ದು ನಿಂತು ‘ಇದು ಯಾಕೆ ಹಿಂಗೆ’ ಅಂತ ಕೇಳೋಕೆ ಬೇರೆ ಏನೋ ಬೇಕು.

ಡೆನ್ಮಾರ್ಕಿನ ಸಂಗತಿ ಓದಿದ್ದೆ. ಅಲ್ಲಿ ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರ ಹಿಡಿದು 1844ರಲ್ಲಿ ರೋಡಿಂಗ್ ಅನ್ನೋ ಊರಲ್ಲಿ ಹಳ್ಳಿಯ ದೊಡ್ಡ ಹುಡುಗರಿಗೆ ಶಾಲೆ ತೆರೆದರು. ಆಮೇಲೆ ದೇಶದ ತುಂಬ ಅಂಥ ಶಾಲೆಗಳಾದವು. ಪರೀಕ್ಷೆ ಇಲ್ಲ, ಇತಿಹಾಸ, ಹಾಡು, ಮಾತುಕತೆ. 1882ರಲ್ಲಿ ಆ ದೇಶದ ರೈತರು ಸಹಕಾರಿ ಡೇರಿ ಶುರು ಮಾಡಿದರು. ಮುಂದೆ ಅಂಥ ಸಂಘಗಳನ್ನು ನಡೆಸಿದವರಲ್ಲಿ ಈ ಶಾಲೆಗಳಲ್ಲಿ ಕೂತು ಎದ್ದವರು ಬಹಳ ಮಂದಿ. ನಮ್ಮೂರಲ್ಲೂ ಯಾಕೆ ಆಗಬಾರದು ಅನ್ನಿಸಿತು.

ಶುರುವಿನಲ್ಲೇ ಎಡವಿದೆ. ಸದಸ್ಯೆಯರನ್ನೂ ಊರವರನ್ನೂ ಕೂತು ಓದೋಕೆ ಅಂತ ಸಂಜೆ ಆರಕ್ಕೆ ಕರೆದೆ. ಅದು ಎಮ್ಮೆ ಹಿಂಡೋ ಹೊತ್ತು. ಒಬ್ಬರೂ ಬರಲಿಲ್ಲ. ರಾತ್ರಿ ಎಂಟಕ್ಕೆ ಇಟ್ಟೆ, ಧಾರಾವಾಹಿ ಅಡ್ಡ ಬಂತು. ಕೊನೆಗೆ ನನ್ನ ಹೆಂಡತಿಯೇ ಹೇಳಿದಳು, ‘ಸೋಮವಾರ ಮಧ್ಯಾಹ್ನ ಇಡ್ರಿ.’ ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡೋದಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇಷ್ಟು ಹೊಳೆದಿರಲಿಲ್ಲ.

ಎರಡನೇ ತಪ್ಪು ಭಾಷಣ. ಹಳೇ ಚಟ, ಬಿಡೋದಿಲ್ಲ. ಸಂವಿಧಾನದ ಮೇಲೆ ಒಂದು ತಾಸು ಮಾತಾಡಿದೆ. ಮುಂದಿನ ವಾರ ಬಂದವರು ನಾಲ್ಕೇ ಜನ. ಅವತ್ತಿನಿಂದ ವಾರಕ್ಕೆ ಒಂದೇ ಪುಟ ಅಂತ ಗೊತ್ತು ಮಾಡಿದೆ. ಒಬ್ಬರು ಎರಡು ಸಲ ಗಟ್ಟಿಯಾಗಿ ಓದಬೇಕು. ಓದು ಬಾರದವರು ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ನಿಜ ಹೇಳಬೇಕೆಂದರೆ ಅವರೇ ಹೆಚ್ಚು ಚೆನ್ನಾಗಿ ಹೇಳುತ್ತಿದ್ದರು. ಗಂಡಂದಿರು ಬರಬಹುದು, ಆದರೆ ಹೆಂಡತಿ ಮಾತಾಡಿ ಮುಗಿಸೋ ತನಕ ಬಾಯಿ ಬಿಡಬಾರದು. ಇದರ ಮೇಲೆ ಇಬ್ಬರು ಸಿಟ್ಟಾಗಿ ಎದ್ದು ಹೋದರು.

ಸಂವಿಧಾನದ ಹನ್ನೊಂದನೇ ಅನುಸೂಚಿ ಒಂದು ಪುಟಕ್ಕೆ ಸರಿಹೋಯ್ತು. ಪಂಚಾಯ್ತಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಅದು. ಗ್ರಂಥಾಲಯ, ವಯಸ್ಕರ ಶಿಕ್ಷಣ ಎರಡೂ ಅದರಲ್ಲಿವೆ. ‘ಅಂದ್ರ ನಾವು ಇಲ್ಲಿ ಕೂತಿರೋದೂ ಪಂಚಾಯ್ತಿ ಕೆಲಸಾನೇ ಆತಲ್ರಿ’ ಅಂತ ಒಬ್ಬರು ನಕ್ಕರು.

ಆದರೆ ಎಲ್ಲರ ಬಾಯಿ ಬಿಡಿಸಿದ್ದು ಹಲಗಲಿ. ನಮ್ಮ ಪಕ್ಕದ್ದೇ ಊರು, ಲಾವಣಿ ಎಲ್ಲರಿಗೂ ಗೊತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕು ಅಂತ ಕಾಯ್ದೆ ತಂದರು. ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವತ್ತು ಒಂದು ಆಟ ಹೂಡಿದೆ. ಒಬ್ಬರು ಬೇಡರ ಕಡೆ, ಒಬ್ಬರು ಬ್ರಿಟಿಷರ ಕಡೆ ನಿಂತು ವಾದ ಮಾಡಬೇಕು. ಬ್ರಿಟಿಷರ ಪಾಲು ಒಬ್ಬ ಕಬ್ಬಿನ ಗದ್ದೆಯ ಯಜಮಾನರಿಗೆ ಬಂತು. ಮೊದಲು ‘ಛೀ, ಒಲ್ಲೆ’ ಅಂದರು. ಆಮೇಲೆ ಹತ್ತು ನಿಮಿಷ ಬಿಡದೆ ಮಾತಾಡಿದರು: ಕಾಯ್ದೆ ಎಲ್ಲರಿಗೂ ಒಂದೇ, ಒಂದೂರಿಗೆ ಬಿಟ್ಟರೆ ಉಳಿದವರೂ ಕೇಳ್ತಾರೆ, ಊರಲ್ಲಿ ಶಾಂತಿ ಇರಬೇಕಲ್ಲ.

ಎಲ್ಲರೂ ಸುಮ್ನೆ ಕೂತರು. ಆಗ ಮೂಲೆಯಲ್ಲಿದ್ದ ಸದಸ್ಯೆಯೊಬ್ಬರು, ಅಲ್ಲಿವರೆಗೆ ಹೆಸರು ಬಿಟ್ಟರೆ ಬೇರೇನೂ ಹೇಳಿರದವರು, ಸೆರಗು ಸರಿ ಮಾಡಿಕೊಂಡು ಕೇಳಿದರು: ‘ಯಜಮಾನ್ರ, ಆ ಕಾಯ್ದೆ ಮಾಡೂಮುಂದ ಹಲಗಲಿ ಮಂದೀನ ಯಾರರ ಕೇಳಿದ್ರೇನ್ರಿ?’

ಯಜಮಾನರಿಗೆ ಉತ್ತರ ಸಿಗಲಿಲ್ಲ. ನನಗೂ ಸಿಗಲಿಲ್ಲ.

ಎರಡು ತಿಂಗಳಾದ ಮೇಲೆ ಗ್ರಾಮಸಭೆ ಇತ್ತು. ಕ್ರಿಯಾ ಯೋಜನೆಯ ಹಾಳೆಯನ್ನು ಸರಸರ ಓದಿ ಮುಗಿಸಿದರು. ಅದೇ ಸದಸ್ಯೆ ಎದ್ದರು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ‘ಈ ಹಾಳಿ ಬರಿಯೂಮುಂದ ನಮ್ಮ ಓಣಿಯವ್ರನ್ನ ಯಾರು ಕೇಳಿದ್ರಿ?’ ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಒಂದು ಗಟಾರ ಮಾತ್ರ ಪಟ್ಟಿಗೆ ಸೇರಿತು. ಅವರ ಗಂಡ ವಾರವಿಡೀ ಮಾತು ಬಿಟ್ಟಿದ್ದರಂತೆ.

ಮುಂದಿನ ಸೋಮವಾರ ಅವರು ಎಲ್ಲರಿಗಿಂತ ಮೊದಲೇ ಬಂದು ಚಾಪೆ ಹಾಸುತ್ತಿದ್ದರು. ಇವತ್ತು ಏನು ಓದೋಣ ಅಂತ ಕೇಳಿದೆ.

‘ಮತ್ತ ಹಲಗಲೀದ ಓದೂಣ್ರಿ ಸರ. ಈ ಸಲ ಬ್ರಿಟಿಷರ ಕಡೆ ನಾ ನಿಲ್ಲತೀನಿ.’